ಹಳೆಯ ಕಾಗದಗಳಲ್ಲಿ ಅಡಗಿರುವ ಚರಿತ್ರೆ

ಊರಿನ ಚರಿತ್ರೆ ಎಂದೊಡನೆ ಶಾಸನ, ತಾಮ್ರಪಟ, ಸರಕಾರಿ ಕಡತಗಳು ನೆನಪಾಗುವುದು ಸಹಜ. ಇಗರ್ಜಿಯ ಮಟ್ಟಿಗೆ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳೇ ನಮಗೆ ಮುಖ್ಯ ಆಧಾರ. ಆದರೆ ನಮ್ಮ ಹಿರಿಯರು ಎಲ್ಲಿ ದುಡಿದರು, ಏನನ್ನು ಎಷ್ಟು ಬೆಲೆಗೆ ಕೊಂಡರು, ಯಾರೊಡನೆ ವ್ಯವಹರಿಸಿದರು ಎಂಬ ಸಂಗತಿಗಳು ಅವುಗಳಲ್ಲಿ ದೊರೆಯವು. ಆ ಕೊರತೆಯನ್ನು ತುಂಬಬಲ್ಲವು ಅಂಗಡಿಯ ಬಿಲ್ಲು, ರಸೀದಿ, ಮದುವೆಯ ಕರೆಯೋಲೆ ಹಾಗೂ ವ್ಯಾಪಾರ ಸಂಸ್ಥೆಗಳ ಲೆಟರ್‌ಹೆಡ್ಡುಗಳು.

ಮಂಗಳೂರಿನಲ್ಲಿ ಮುದ್ರಣವೂ ಉದ್ಯಮವೂ ಜೊತೆಜೊತೆಯಾಗಿ ಬೆಳೆದುವು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. 1868ರಲ್ಲಿ ಆಲ್ಬುಕರ್ಕ್ ಮನೆತನದ ಹಂಚಿನ ಕಾರ್ಖಾನೆಯೂ, 1882ರಲ್ಲಿ ಯೇಸುಸಭೆಯ ಗುರುಗಳ ಕೊಡಿಯಾಲಬೈಲ್ ಮುದ್ರಣಾಲಯವೂ ಆರಂಭವಾದುವು. ಒಂದನೇ ಮಹಾಯುದ್ಧದ ತರುವಾಯ ಬಾಸೆಲ್ ಮಿಶನ್ನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಯುರೋಪಿನ ಯುದ್ಧವೊಂದು ನಮ್ಮ ಊರಿನ ಬಿಲ್ಲಿನ ತಲೆಬರಹವನ್ನೇ ಬದಲಿಸಿತು!

ತಾರೀಖಿಲ್ಲದ ಕಾಗದವೂ ಮೂಕವಲ್ಲ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ಆಣೆ-ಪೈಗಳ ಸ್ಥಾನದಲ್ಲಿ ನಯಾಪೈಸೆ ಬಂದುದು 1957ರ ಏಪ್ರಿಲಿನಲ್ಲಿ. ಪಿನ್ ಕೋಡ್ ಬಂದುದು 1972ರಲ್ಲಿ. ಪದಗಳನ್ನೆಣಿಸಿ ಹಣ ತೆರಬೇಕಾಗಿದ್ದುದರಿಂದ ವರ್ತಕರು ಚುಟುಕಾದ ತಂತಿ ವಿಳಾಸವನ್ನು ಅಚ್ಚು ಹಾಕಿಸುತ್ತಿದ್ದರು. ಆ ತಂತಿ ಸೇವೆಯೇ 2013ರಲ್ಲಿ ನಿಂತುಹೋಯಿತು. ಇಂಥ ಕುರುಹುಗಳಿಂದ ಕಾಗದದ ಕಾಲವನ್ನು ಅಂದಾಜು ಮಾಡಬಹುದು.

ಆದರೂ ಎಚ್ಚರ ಅಗತ್ಯ. ಮಿತವ್ಯಯಿಯಾದ ವ್ಯಾಪಾರಿ ಹಳೆಯ ದಾಸ್ತಾನು ತೀರುವ ತನಕ ಹೊಸದನ್ನು ಅಚ್ಚು ಹಾಕಿಸನು. ಮದ್ರಾಸು ಪ್ರಾಂತದ ಹೆಸರಿರುವ ಹಾಳೆಯ ಮೇಲೆ ನಯಾಪೈಸೆಯ ಲೆಕ್ಕವಿದ್ದರೆ, ಅಚ್ಚು ಹಿಂದಿನದು, ಬರಹ 1957ರ ಈಚಿನದು ಎಂದು ತಿಳಿಯಬೇಕು. ಅಂತೆಯೇ, ತಲೆಬರಹದಲ್ಲಿ ಕಾಣುವ ಭವ್ಯ ಕಾರ್ಖಾನೆಯ ಚಿತ್ರ ಜಾಹೀರಾತೇ ಹೊರತು ಸಾಕ್ಷ್ಯವಲ್ಲ. ಮಡಿಕೆ ಬಿದ್ದ ಕೂಲಿಚೀಟಿಯೊಂದು ಆ ಚಿತ್ರಕ್ಕಿಂತ ಹೆಚ್ಚು ಸತ್ಯವನ್ನು ನುಡಿಯಬಲ್ಲದು.

ಪ್ರಿಯ ಬಾಂಧವರೇ, ಹಂಚಿನ ಮನೆಗಳನ್ನು ಕೆಡವುವಾಗ ಹಳೆಯ ಪೆಟ್ಟಿಗೆಗಳೂ ಬರಿದಾಗುತ್ತವೆ. ಅವುಗಳಲ್ಲಿದ್ದ ಕಾಗದಗಳು ರದ್ದಿಯಂಗಡಿಗೋ ಬಚ್ಚಲ ಒಲೆಗೋ ಸೇರುತ್ತವೆ. ಅದಕ್ಕೆ ಮುಂಚೆ ಅವನ್ನೊಮ್ಮೆ ಬಿಡಿಸಿ ನೋಡಿರಿ. ಕಟ್ಟುಗಳನ್ನು ಬೇರ್ಪಡಿಸದೆ, ಯಾವ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ ದೊರೆತುವೆಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದಿಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಲ್ಯಾಮಿನೇಶನ್ ಮಾಡಿಸಬೇಡಿರಿ. ತೇವ, ಬಿಸಿಲು, ಗೆದ್ದಲುಗಳಿಂದ ದೂರವಿಡಿರಿ. ದೊಡ್ಡವರ ಹೆಸರುಗಳು ಶಿಲಾಫಲಕಗಳಲ್ಲಿ ಹೇಗೂ ಉಳಿಯುತ್ತವೆ. ಹಂಚು ಹೊತ್ತವರ, ಗಾಡಿ ಹೊಡೆದವರ, ಅಚ್ಚುಮೊಳೆ ಜೋಡಿಸಿದವರ ಹೆಸರುಗಳಿಗೆ ಈ ಚೂರು ಕಾಗದಗಳೇ ಆಸರೆ.