ಹಳೆಯ ವಿದ್ಯುದ್ದೀಪಗಳ ಕಾಲನಿರ್ಣಯ

ಕಾಲೋಲ್ಲೇಖವಿಲ್ಲದ ಶಿಲಾಶಾಸನವು ದೊರೆತಾಗ ವಿದ್ವಾಂಸರು ಅದರ ಲಿಪಿಯನ್ನು ಪರೀಕ್ಷಿಸಿ ಕಾಲವನ್ನು ಗೊತ್ತುಮಾಡುವರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಹಳೆಯ ವಿದ್ಯುದ್ದೀಪದ ಬುರುಡೆಗಳನ್ನು ಸಂಗ್ರಹಿಸುವವರ ಕ್ರಮವೂ ಇಂತಹುದೇ. ತಯಾರಾದ ವರ್ಷವು ಬುರುಡೆಯ ಮೇಲೆ ಇರುವುದು ಅಪೂರ್ವ. ಅಂಟಿಸಿದ ಕಾಗದವಿದ್ದರೂ ಅದು ಉದುರಿಹೋಗಿರುವುದು. ಆದುದರಿಂದ ಒಳಗಿನ ತಂತು, ಹೊರಗಿನ ಗಾಜು, ತಳದ ಹಿತ್ತಾಳೆ ಇವುಗಳನ್ನೇ ಅಕ್ಷರಗಳೆಂದು ಓದಬೇಕು.

ಇವುಗಳಲ್ಲಿ ತಂತುವೇ ಪ್ರಧಾನವಾದುದು. 1879ರಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನನೂ ಅಮೆರಿಕೆಯ ಎಡಿಸನ್ನನೂ ತೋರಿದ ದೀಪಗಳ ತಂತುವು ಇಂಗಾಲದ್ದು. ಮರುವರ್ಷವೇ ಎಡಿಸನ್ನನು ಬಿದಿರಿನ ಸೀಳನ್ನು ಇಂಗಾಲವಾಗಿಸಿ ಬಳಸತೊಡಗಿದನು. ಅದಕ್ಕೆ ಜಪಾನಿನ ಬಿದಿರು ಪ್ರಶಸ್ತವೆನಿಸಿತು. ಇಂಗಾಲದ ತಂತು ಕಪ್ಪಾಗಿ, ಒಂದೆರಡು ಸುತ್ತು ಬಳಸಿ ನಿಂತಿರುವುದು. 1910ರಲ್ಲಿ ಕೂಲಿಡ್ಜನು ಟಂಗ್‌ಸ್ಟನ್ನನ್ನು ಮುರಿಯದ ತಂತಿಯಾಗಿ ಎಳೆಯುವ ವಿಧಾನವನ್ನು ಸಾಧಿಸಿದ ಮೇಲೆ, ಗಾಜಿನ ಕಂಬದ ಸುತ್ತ ಮೇಲಕ್ಕೂ ಕೆಳಕ್ಕೂ ಹಾಯುವ ನವುರಾದ ಉದ್ದ ತಂತಿ ಬಂದಿತು. 1913ರಲ್ಲಿ ಲ್ಯಾಂಗ್ಮ್ಯೂರನು ಅನಿಲ ತುಂಬಿದ ದೀಪವನ್ನು ರೂಪಿಸಲು, ತಂತಿಯು ಬಿಗಿಯಾದ ಸುರುಳಿಯಾಯಿತು.

ಗಾಜಿನ ನೆತ್ತಿಯಲ್ಲಿರುವ ಚೂಪು ಮೊನೆಯು, ಗಾಳಿಯನ್ನು ಹೊರದೆಗೆದು ಕರಗಿಸಿ ಮುಚ್ಚಿದ ನಳಿಗೆಯ ಗುರುತು. 1920ರ ದಶಕದಲ್ಲಿ ಈ ಕಾರ್ಯವು ತಳದ ಕಡೆಯಿಂದಲೇ ನಡೆಯುವುದು ರೂಢಿಯಾಗಿ ಮೊನೆಯು ಮರೆಯಾಯಿತು. ತಳವು ತಿರುಪಿನದಾದರೆ ಎಡಿಸನ್ನನ ಪರಂಪರೆ. ಎರಡು ಮೊಳೆಗಳದಾದರೆ ಬ್ರಿಟಿಷ್ ಪದ್ಧತಿ. ಆದಿಯ ಬುರುಡೆಗಳಲ್ಲಿ ಗಾಜಿನೊಳಕ್ಕೆ ಹೊಗುವ ತಂತಿಯು ಪ್ಲಾಟಿನಮ್ಮಿನದು. ಅದರ ಆಸೆಗೆ ಕೆಟ್ಟ ದೀಪಗಳನ್ನು ಒಡೆಯುತ್ತಿದ್ದುದೂ ಅವು ಇಂದು ವಿರಳವಾಗಿರಲು ಒಂದು ಕಾರಣ.

ಇಲ್ಲಿ ಎಚ್ಚರಿಕೆಯೊಂದುಂಟು. ಹಳೆಯ ಲಕ್ಷಣವೊಂದನ್ನು ಕಂಡು ವಸ್ತುವನ್ನೇ ಪ್ರಾಚೀನವೆನ್ನಬಾರದು. ಟಂಗ್‌ಸ್ಟನ್ ಬಂದ ಮೇಲೂ ಇಂಗಾಲದ ದೀಪಗಳು ತಯಾರಾಗುತ್ತಿದ್ದವು. ಮೊನೆಯುಳ್ಳ ಅನುಕರಣಗಳು ಇಂದೂ ಅಂಗಡಿಗಳಲ್ಲಿ ದೊರೆಯುತ್ತವೆ. ಲಕ್ಷಣಗಳಲ್ಲಿ ತೀರ ಈಚಿನದು ಯಾವುದೋ, ಬುರುಡೆಯು ಅದಕ್ಕಿಂತ ಹಿಂದಿನದಾಗಿರಲಾರದು. ಬೆಂಗಳೂರಿಗೆ ಶಿವಸಮುದ್ರದ ವಿದ್ಯುತ್ತಿನಿಂದ ದೀಪಗಳು ಬಂದದ್ದು 1905ರಲ್ಲಿ. ಎಳೆದ ಟಂಗ್‌ಸ್ಟನ್ ತಂತಿಯುಳ್ಳ ಬುರುಡೆಯನ್ನು ತೋರಿಸಿ, ಇದು ಆ ವರ್ಷದ್ದೆಂದು ಮನೆತನದ ಹಿರಿಯರು ಹೇಳಿದರೂ ಒಪ್ಪಲಾಗದು; ಹಿರಿಯರ ಮಾತಿಗೆ ಗೌರವ ಸಲ್ಲಲಿ, ನಿರ್ಣಯಕ್ಕೆ ತಂತುವೇ ಪ್ರಮಾಣವಾಗಲಿ.

ಉರಿಯುವುದೋ ಎಂದು ಪರೀಕ್ಷಿಸುವ ಕುತೂಹಲವೂ ಸಲ್ಲದು. ನೂರು ವೋಲ್ಟಿನ ದೀಪಕ್ಕೆ ಇಂದಿನ ಇನ್ನೂರಮೂವತ್ತು ವೋಲ್ಟನ್ನು ಹಾಯಿಸಿದರೆ ಶತಮಾನ ಬಾಳಿದ ತಂತುವು ಕ್ಷಣದಲ್ಲಿ ಭಸ್ಮವಾಗುವುದು. ಬೆಳಕು ಕೊಡುವ ಕಾರ್ಯವನ್ನು ಅದು ಎಂದೋ ಮುಗಿಸಿದೆ; ಈಗ ಅದರ ಕಾರ್ಯ ಸಾಕ್ಷ್ಯ ನುಡಿಯುವುದು. ಹಳೆಯ ಮನೆಯ ಅಟ್ಟವನ್ನು ಗುಡಿಸುವಾಗ ಇಂತಹ ಬುರುಡೆಯೊಂದು ಕೈಗೆ ಸಿಕ್ಕರೆ, ಕಸಕ್ಕೆ ಎಸೆಯುವ ಮುನ್ನ ಬೆಳಕಿಗೆ ಹಿಡಿದು ಒಮ್ಮೆ ಓದಿ ನೋಡುವುದು ಉಚಿತ.