ಒಂದೇ ಬಟ್ಟಲು

ಮೊನ್ನೆ ನಮ್ಮ ಶಲವಡಿಯೊಳಗ ಗೆಳೆಯನೊಬ್ಬ ಕೇಳಿದ: “ಯಣ್ಣಾ, ಚರ್ಚಿಗೆ ಹೋದ್ರ ಜಾತಿ ಹೋಗತೈತೇನು?” ಅವನ ಮಗಳ ಜಾತಿ ಪ್ರಮಾಣಪತ್ರದ ಅರ್ಜಿ ತಿರುಗಿ ಬಂದೈತಿ.

ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಶಾಲೆ, ಕಿಟೆಲ್ ನಿಘಂಟು ಅಂತ ಎಲ್ಲಾರೂ ಹೊಗಳ್ತಾರೆ. ನನಗೆ ದೊಡ್ಡದು ಅನ್ಸೋದು ಕರ್ತನ ಭೋಜನ. ಒಂದೇ ರೊಟ್ಟಿ ಮುರಿದು ತಿನ್ನಬೇಕು, ಒಂದೇ ಬಟ್ಟಲಿಗೆ ಎಲ್ಲಾರೂ ತುಟಿ ಹಚ್ಚಬೇಕು. ಚಾದಂಗಡಿಯೊಳಗ ಬ್ಯಾರೆ ಕಪ್ಪಿನಾಗ ಕುಡಿದು, ತಾನೇ ತೊಳೆದಿಟ್ಟು ಬಂದ ನನ್ನಂಥವನಿಗೆ ಇದು ಸಣ್ಣ ಮಾತಲ್ಲ.

ಆದ್ರ ಬಟ್ಟಲು ಸುಮ್ನ ಒಂದಾಗಲಿಲ್ಲ. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಬಿಡಲೇಬೇಕು ಅಂದಾಗ, ತಂಜಾವೂರು ಕಡೆಯ ಮೇಲ್ಜಾತಿ ಕ್ರೈಸ್ತರು ಎಷ್ಟೋ ಮಂದಿ ಸಭೆಯನ್ನೇ ಬಿಟ್ಟು ನಡೆದರು. ಯೇಸು ಬೇಕು, ಮಗ್ಗಲಕ್ಕ ಪರೆಯ ಬ್ಯಾಡ!

ಇನ್ನು ಸರ್ಕಾರದ ಲೆಕ್ಕ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಕಂಡಿಕೆ ಕ್ರೈಸ್ತರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೀತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಕಂಡಿಕೆ ತೆಗೀರಿ ಅಂದ್ರೂ ತೆಗೀಲಿಲ್ಲ. ಊರವರೇನು ಆ ಆದೇಶ ಓದ್ಯಾರಾ? ಗೆಳೆಯನ ಮನಿ ಇನ್ನೂ ಕೇರಿಯೊಳಗೇ ಐತಿ.

ನಾಳೆ ಅರ್ಜಿ ಹಿಡ್ಕೊಂಡು ಮತ್ತ ಕಚೇರಿಗೆ ಹೊಂಟೀವಿ.