ಹೆಬ್ಬೆಟ್ಟಿನವರ ಚರಿತ್ರೆ

ದಲಿತ ಚಳವಳಿಯ ಚರಿತ್ರೆ ಬರೆಯುವವರು ಭದ್ರಾವತಿಗೆ ಬಂದೇ ಬರುತ್ತಾರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ ಊರಿದು. 1970ರ ದಶಕದಲ್ಲಿ ಇಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಇಲ್ಲಿಯ ಮೆರವಣಿಗೆ, ಭಾಷಣ, ಕರಪತ್ರಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ. ಆದರೆ ಆ ಮೆರವಣಿಗೆಗೆ ಹೋದ ಹುಡುಗರನ್ನು ಸಾಕಿದವರು ಯಾರು ಎಂದು ಕೇಳಿದವರು ಕಡಿಮೆ.

ನನ್ನನ್ನು ಸಾಕಿದ್ದು ನನ್ನವ್ವನ ಅವ್ವ. ಅವ್ವ ತೀರಿಕೊಂಡಳು. ಅಪ್ಪ ಕಾಫಿ ತೋಟದ ಕೂಲಿಗೆಂದು ಚಿಕ್ಕಮಗಳೂರು ಕಡೆ ಹೋದವನು ತಿರುಗಿ ಬರಲಿಲ್ಲ. ಅಜ್ಜಿ ಕಾರ್ಖಾನೆ ಕ್ವಾರ್ಟರ್ಸಿನ ಮನೆಗಳಲ್ಲಿ ಮುಸುರೆ ತಿಕ್ಕಿ, ನನ್ನನ್ನೂ ಚಿಕ್ಕವ್ವನ ಇಬ್ಬರು ಮಕ್ಕಳನ್ನೂ ಬೆಳೆಸಿದಳು. ಹೈಸ್ಕೂಲಿಗೆಂದು ಶಿವಮೊಗ್ಗದ ಒಂದು ಹಾಸ್ಟೆಲಿಗೆ ಅರ್ಜಿ ಕೊಡಲು ಹೋದಾಗ ಗುಮಾಸ್ತ, "ಅಪ್ಪನ ಸಹಿ ಎಲ್ಲಿ?" ಅಂದ. "ಸಾಕಿದೋಳು ನಾನೇ ಸ್ವಾಮಿ, ನಂದೇ ಹೆಬ್ಬೆಟ್ಟು ತಗಳ್ಳಿ" ಅಂದಳು ಅಜ್ಜಿ. ನಡೆಯಲಿಲ್ಲ. ಮೂರು ಸಲದ ಬಸ್ ಚಾರ್ಜು ದಂಡವಾಯಿತು, ಒಂದು ವರ್ಷದ ಓದೂ ಹೋಯಿತು.

ನಮ್ಮ ವಿಮರ್ಶೆಯೂ ಆ ಗುಮಾಸ್ತನ ಹಾಗೇ ಓದಿದೆಯೇನೋ ಎಂಬ ಅನುಮಾನ ನನ್ನದು. ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ಎಂದರೆ ನಮಗೆ ನೆನಪಾಗುವುದು 1901ರ ಆ ಪ್ರಯಾಣ: ರೈಲು ನಿಲ್ದಾಣ, ಗಾಡಿಯವನು, ಸಿಗದ ನೀರು. ಮಕ್ಕಳು ಹೊರಟ ಸತಾರಾದ ಮನೆಯನ್ನೂ ಅವರು ಅಲ್ಲೇ ಬರೆದಿದ್ದಾರೆ. ತಾಯಿ ಇಲ್ಲ, ತಂದೆ ನೌಕರಿಗೆಂದು ದೂರದಲ್ಲಿ. ಭೀಮರಾವ್, ಅವರ ಅಣ್ಣ, ತೀರಿಹೋದ ಅಕ್ಕನ ಇಬ್ಬರು ಗಂಡುಮಕ್ಕಳು. ಜೊತೆಗೆ ಕಾಲಿನ ತೊಂದರೆಯಿಂದ ಓಡಾಡಲಾಗದ ಸೋದರತ್ತೆ. ಮಕ್ಕಳೇ ಬೇಯಿಸಿಕೊಂಡು ಶಾಲೆಗೆ ಹೋಗುತ್ತಿದ್ದರು. ಅತ್ತೆಯ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಪ್ರೀತಿಯೊಂದರಿಂದ ಒಲೆ ಉರಿಯೋದಿಲ್ಲ. ಬಡವರ ಕರುಳು ದೊಡ್ಡದು ಎಂದು ಹೊಗಳಿ ಕೈತೊಳೆದುಕೊಳ್ಳುವವರು ಈ ಪುಟವನ್ನು ಮತ್ತೆ ಓದಬೇಕು.

ಇದು ಮುಗಿದ ಕಥೆಯಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕೂಲಿ ನಿಂತು ದೊಡ್ಡವರು ಊರು ಬಿಟ್ಟರೆ, ಮಕ್ಕಳು ಉಳಿಯುವುದು ಅಜ್ಜಿಯ, ಚಿಕ್ಕವ್ವನ ಹತ್ತಿರವೇ.

ಇವತ್ತು ದಾರಿಯೇ ಇಲ್ಲವೆಂದಲ್ಲ. 2022ರ ಮಿಷನ್ ವಾತ್ಸಲ್ಯ ನಿಯಮಗಳ ಪ್ರಕಾರ, ತಬ್ಬಲಿಯಾಗಿ ಬಂಧುಗಳ ಮನೆಯಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಕೊಡಬಹುದು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದರೆ ಅಲ್ಲೂ ಕಾಗದ ಕೇಳುತ್ತಾರೆ. ಸತ್ತವರಿಗೆ ಮರಣಪತ್ರವುಂಟು, ನಮ್ಮಪ್ಪನಂತೆ ಹೋದವನು ಬಾರದಿದ್ದರೆ ಅಜ್ಜಿ ಯಾವ ಪತ್ರ ತರಬೇಕು?

ಆದ್ದರಿಂದ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಕಾರ್ಯಕರ್ತರು ವಾರಕ್ಕೊಂದು ಸಂಜೆ ಕೇರಿಯಲ್ಲಿ ಇಂಥ ಅಜ್ಜಿಯರ ಜೊತೆ ಕೂತು ಅರ್ಜಿ ತುಂಬಲಿ, ಕಚೇರಿಗೂ ಜೊತೆಗೆ ಹೋಗಲಿ. ವಿದ್ಯಾರ್ಥಿಗಳು ಅವರು ಹೇಳುವುದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. ನಮ್ಮಜ್ಜಿಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.